ತೆಗೆಯದ ಗರ್ಭಕೋಶದ ಬಾಣಂತನ

ಮಂಪರು ಇಳಿದು ನಾನು ಕಣ್ಣು ಬಿಡುವಷ್ಟರಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ತಾಲ್ಲೂಕಿನಲ್ಲಿ ನನ್ನ ಗರ್ಭಕೋಶವನ್ನು ತೆಗೆದುಹಾಕಿ ಆಗಿತ್ತು. ತೆಗೆದವರು ಡಾಕ್ಟರಲ್ಲ, ನಮ್ಮ ಯಜಮಾನರು. ವಾರ್ಡಿನ ಕಿಟಕಿ ಹತ್ತಿರ ನಿಂತು ಒಬ್ಬೊಬ್ಬ ನೆಂಟರಿಗೂ ಫೋನು ಹಚ್ಚಿ, "ಹೂಂ, ಯೂಟ್ರಸ್ಸೇ. ತೆಗ್ಸಿಬಿಟ್ವಿ. ಇನ್ನೇನ್ ತೊಂದ್ರೆ ಇಲ್ಲ" ಎನ್ನುತ್ತಿದ್ದರು. ನನ್ನ ಗರ್ಭಕೋಶ ತನ್ನ ಪಾಡಿಗೆ ತನ್ನ ಜಾಗದಲ್ಲಿ ಇತ್ತು, ಇವತ್ತಿಗೂ ಇದೆ. ನಾನು ತೆಗೆಸಿಕೊಂಡಿದ್ದು ಹೊಟ್ಟೆಯಿಂದ ಜೋತುಬಿದ್ದಿದ್ದ ಚರ್ಮ.

ಫೋನು ಇಟ್ಟ ಮೇಲೆ ಕೇಳಿದೆ, "ಏನ್ರೀ ಇದು?"

"ಮತ್ತೇನ್ ಹೇಳ್ಲಿ? ಹೊಟ್ಟೆ ಚಂದ ಮಾಡ್ಸೋಕೆ ಬೆಂಗ್ಳೂರಿಗೆ ಬಂದಿದೀವಿ ಅನ್ಲಾ? ಅಮ್ಮಂಗೆ ಗೊತ್ತಾದ್ರೆ ಎದೆ ಒಡ್ಕೊಂತಾರೆ."

ಬಾಯಿ ಒಣಗಿತ್ತು, ಜಗಳಕ್ಕೆ ಶಕ್ತಿ ಇರಲಿಲ್ಲ. ಸುಮ್ಮನಾದೆ. ಆ ಸುಮ್ಮನಿರುವಿಕೆ ಎಲ್ಲಿಗೆ ತಂದಿತು ಎಂಬುದನ್ನೇ ಈಗ ಬರೆಯುತ್ತಿರುವುದು. ನನ್ನ ಹಾಗೆ ಸೊಂಟ ಎತ್ತಲಾಗದೆ ಮಲಗಿಕೊಂಡು, ಬಂದವರಿಗೆಲ್ಲ ಏನೋ ಒಂದು ಸುಳ್ಳು ಹೇಳಿ ಕಳಿಸುತ್ತಿರುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಾದರೂ ಓದಲಿ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಎರಡು ಸಿಸೇರಿಯನ್ ಆದ ಮೇಲೆ ನನ್ನ ಹೊಟ್ಟೆ ಸೀರೆಯ ನೆರಿಗೆಯ ಮೇಲೆ ಇನ್ನೊಂದು ನೆರಿಗೆಯಾಗಿ ಇಳಿದುಬಿಟ್ಟಿತು. ಖಾಕಿ ಹಾಕಿಕೊಂಡರೆ ಇನ್ನೂ ಎದ್ದು ಕಾಣುತ್ತಿತ್ತು. ಬೇಸಿಗೆಯಲ್ಲಿ ಆ ಮಡಿಕೆಯ ಕೆಳಗೆ ಬೆವರು ನಿಂತು ಚರ್ಮ ಕಿತ್ತು ಬರುತ್ತಿತ್ತು, ಮೇಲೆ ಕಾಸಿನ ಚೀಲ ಉಜ್ಜುತ್ತಿತ್ತು. ಪೌಡರ್ ಹಾಕು, ಮುಲಾಮು ಹಚ್ಚು, ಮತ್ತೆ ಬೆವರು. ಇದು ಒಂದು ಕಡೆ. ಇನ್ನೊಂದು ಕಡೆ ಪ್ಯಾಸೆಂಜರುಗಳು. ಬೈರಕೂರಿನಿಂದ ಹತ್ತುವ ಒಬ್ಬ ತಾತ ದಿನಾ ಎದ್ದು ನಿಂತು, "ಕೂತ್ಕೋಮ್ಮಾ, ಈ ಥರ ಇರೋವಾಗ ನಿಂತ್ಕೋಬಾರ್ದು" ಎನ್ನುತ್ತಿದ್ದ. ವರ್ಷವಾದರೂ ಹೆರಿಗೆಯಾಗದ ಬಸುರಿ ಯಾವಳು ಎಂದು ಆ ಮಹಾನುಭಾವನಿಗೆ ಅನುಮಾನವೇ ಬರಲಿಲ್ಲ. ಡಿಪೋದಲ್ಲಿ ಗಂಡಸರು ನಗುತ್ತಿದ್ದರು. ಅವರ ಹೊಟ್ಟೆಗಳು ಸ್ಟಿಯರಿಂಗಿಗೆ ತಾಗುತ್ತಿದ್ದವು, ಅದಕ್ಕೆ ಯಾರೂ ನಗುತ್ತಿರಲಿಲ್ಲ.

ಹುಣ್ಣಿಗಾಗಿ ಮಾಡಿಸಿಕೊಂಡೆ ಎಂದು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಚೆನ್ನಾಗಿ ಕಾಣಬೇಕು ಅಂತಲೂ ಮಾಡಿಸಿಕೊಂಡೆ. ಎರಡೂ ನಿಜ. ಎರಡನೆಯದಕ್ಕೆ ನನಗೆ ನಾಚಿಕೆ ಇಲ್ಲ.

ಬೆಂಗಳೂರಿನ ಆ ಕ್ಲಿನಿಕ್ಕಿನ ಬಗ್ಗೆ ಒಂದು ಮಾತು. ಅಲ್ಲಿ ರೋಗಿ ಎನ್ನುವುದಿಲ್ಲ, ಕ್ಲೈಂಟ್ ಎನ್ನುತ್ತಾರೆ. ಕಾಯುವ ಕೋಣೆಯಲ್ಲಿ ಫಿನಾಯಿಲ್ ವಾಸನೆ ಇಲ್ಲ, ಮಲ್ಲಿಗೆಯದೂ ಅಲ್ಲದ ಗುಲಾಬಿಯದೂ ಅಲ್ಲದ ಏನೋ ಒಂದು ವಾಸನೆ. ನೀರು ಕೇಳಿದರೆ ಸೌತೆಕಾಯಿ ಚೂರು ಹಾಕಿ ಕೊಡುತ್ತಾರೆ. ಅಲ್ಲಿ ಕೂತವರು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಾದರೆ ಪಕ್ಕದವಳು ಐದು ನಿಮಿಷದಲ್ಲಿ ನಿನ್ನ ಕಾಯಿಲೆ, ನಿನ್ನ ಊರು, ನಿನ್ನ ಮಗಳ ಸಂಬಂಧ ಎಲ್ಲ ವಿಚಾರಿಸಿ ಮುಗಿಸಿರುತ್ತಾಳೆ. ಇಲ್ಲಿ ಪಾಪ ಮಾಡಿದವರ ಹಾಗೆ ಎಲ್ಲರೂ ಮೊಬೈಲು ನೋಡುತ್ತಾ ಕೂತಿದ್ದರು. ಡಾಕ್ಟರು ಎರಡು ನಿಮಿಷ ಬಂದು ಹೋದರು. ಉಳಿದಿದ್ದೆಲ್ಲ ಕೌನ್ಸೆಲರ್ ಎಂಬ ಹುಡುಗಿಯ ಮಾತು. ಹಲ್ಲು ಬಿಟ್ಟುಕೊಂಡೇ ಮಾತಾಡುವ ಕಲೆ ಅವಳಿಗೆ ಸಿದ್ಧಿಸಿತ್ತು.

ಆಪರೇಷನ್ನಾದ ಮೇಲೆ ಅವರು ಹೇಳಿದ್ದು ಇಷ್ಟು. ಹೊಟ್ಟೆಗೆ ಬಿಗಿದಿರುವ ಬೆಲ್ಟು ಬಿಚ್ಚಬೇಡಿ. ಸ್ವಲ್ಪ ದಿನ ಸೊಂಟ ಬಗ್ಗಿಸಿಕೊಂಡೇ ನಡೆಯಿರಿ, ಮಲಗುವಾಗ ಮಂಡಿ ಮಡಿಸಿ. ಹೊಕ್ಕಳ ಕೆಳಗೆ ಮರಗಟ್ಟಿದ ಹಾಗಿರುತ್ತದೆ, ಹೆದರಬೇಡಿ. ಉಳಿದಿದ್ದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಹಾಳೆಯಲ್ಲಿತ್ತು, ಅದನ್ನು ಯಜಮಾನರು ಮಡಚಿ ಜೇಬಿಗಿಟ್ಟುಕೊಂಡರು. ಹೊಟ್ಟೆಯಿಂದ ನೀರು ಇಳಿಯಲು ಹಾಕಿದ್ದ ಪೈಪುಗಳನ್ನು ತೆಗೆಸಿಕೊಂಡು ಮುಳಬಾಗಿಲಿನ ಮನೆಗೆ ಬಂದೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರು ಬೈರಕೂರು ಕಡೆಯವರು. ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು, ದುಃಖ ಬಂದರೂ ತೆಲುಗು. ನಾನು ನೆಲ ನೋಡಿಕೊಂಡು ಬಾಗಿ ಬಾಗಿ ಕಾರಿನಿಂದ ಇಳಿದಿದ್ದು ನೋಡಿ, "ಅಯ್ಯೋ ನಾ ತಲ್ಲೀ" ಎಂದು ಬಂದು ತಬ್ಬಿ ಹಿಡಿದುಕೊಂಡರು. ಒಳಗೆ ಆಗಲೇ ಮೂಲೆಯಲ್ಲಿ ಮಂಚ ಹಾಕಿ, ಕಿಟಕಿಗೆ ಬಟ್ಟೆ ಕಟ್ಟಿ, ಬಾಣಂತಿ ಕೋಣೆ ಸಿದ್ಧ ಮಾಡಿ ಇಟ್ಟಿದ್ದರು.

ನಮ್ಮ ಕಡೆ ಗರ್ಭಕೋಶ ತೆಗೆಸಿದವಳೆಂದರೆ ಬಾಣಂತಿಗೆ ಸಮ. ಒಳಗೆ ಹಸಿ ಗಾಯ, ಆದ್ದರಿಂದ ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿ ಅನ್ನ. ನೀರು ಕಮ್ಮಿ. ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಹೊಟ್ಟೆಗೆ ಹಳೇ ಸೀರೆಯ ಕಟ್ಟು. ಮತ್ತೆ ಶಾಖ. ಕಲ್ಲುಪ್ಪನ್ನು ಹೆಂಚಿನ ಮೇಲೆ ಚಟಪಟ ಅನ್ನುವವರೆಗೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಸೊಂಟಕ್ಕೂ ಹೊಟ್ಟೆಗೂ ಒತ್ತುವುದು. ನನ್ನ ಎರಡು ಬಾಣಂತನಗಳಲ್ಲೂ ಅತ್ತೆಯೇ ಕೊಟ್ಟಿದ್ದರು. ಆಗ ಹಾಯಾಗಿತ್ತು.

"ಈ ರಬ್ಬರ್ ಪಟ್ಟಿ ಏನ್ ಹಿಡಿತೈತೆ? ಇದನ್ನ ಬಿಚ್ಚು" ಎಂದು ಬೆಲ್ಟು ತೆಗೆದು ಆಚೆ ಇಟ್ಟರು. ಕೆಳಗಡೆ ಹೊಲಿಗೆಯ ಮೇಲೆ ಅಂಟಿಸಿದ್ದ ಪಟ್ಟಿಯನ್ನು ಮುಟ್ಟಲಿಲ್ಲ, ಡಾಕ್ಟರು ಹಾಕಿದ್ದು ಎಂಬ ಮರ್ಯಾದೆ. ಅದಕ್ಕಿಂತ ಮೇಲಕ್ಕೆ, ಹೊಕ್ಕಳ ಕೆಳಗಿನ ಜಾಗಕ್ಕೆ ಶಾಖ ಕೊಟ್ಟರು.

"ಸುಡ್ತೈತಾ?"

"ಇಲ್ಲ ಅತ್ತೆ."

"ಇಲ್ವಾ? ಹಂಗಾದ್ರೆ ಇನ್ನಷ್ಟು ಕಾಯಿಸ್ಕೊಂಡ್ ಬರ್ತೀನಿ."

ನಿಜವಾಗಿಯೂ ಸುಡುತ್ತಿರಲಿಲ್ಲ. ಆ ಚರ್ಮ ನನ್ನದೇ ಅಲ್ಲವೇನೋ ಅನ್ನುವ ಹಾಗೆ ಮರಗಟ್ಟಿತ್ತು. ಕೈ ಇಟ್ಟರೆ ಕೈಗೆ ಹೊಟ್ಟೆ ಗೊತ್ತಾಗುತ್ತಿತ್ತು, ಹೊಟ್ಟೆಗೆ ಕೈ ಗೊತ್ತಾಗುತ್ತಿರಲಿಲ್ಲ. ಅಂಥ ಚರ್ಮಕ್ಕೆ ಬಿಸಿ ಮುಟ್ಟಿಸಬಾರದು ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಸೌತೆಕಾಯಿ ನೀರು ಕುಡಿಸುವವರಿಗೆ ಯಾರಾದರೂ ಹೊಟ್ಟೆಯ ಮೇಲೆ ಹುರಿದ ಉಪ್ಪು ಇಡುತ್ತಾರೆ ಎಂಬ ಕಲ್ಪನೆಯೂ ಇರಲಿಕ್ಕಿಲ್ಲ. ಅತ್ತೆಗೋ ಚರ್ಮ ಮರಗಟ್ಟಿದೆ ಎಂದು ಗೊತ್ತಿಲ್ಲ, ಗರ್ಭಕೋಶ ತೆಗೆದರೆ ಚರ್ಮ ಯಾಕೆ ಮರಗಟ್ಟಬೇಕು? ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಆಮೇಲೆ ಸೀರೆ ಸುತ್ತಿ, ಮಂಡಿ ಒತ್ತಿ ಎಳೆದು ಗಂಟು ಹಾಕುವುದು. "ನೆಟ್ಟಗೆ ಮಲಕ್ಕೋ. ಹಿಂಗೆ ಮುದುರ್ಕೊಂಡ್ರೆ ಗೂನು ಬಂದ್ಬಿಡ್ತೈತೆ" ಎಂದು ಕಾಲು ಹಿಡಿದು ನೀಟಾಗಿ ಚಾಚಿಸುತ್ತಿದ್ದರು. ಎಳೆದು ಹೊಲಿದಿದ್ದ ಹೊಟ್ಟೆ ಆ ಎಳೆತಕ್ಕೆ ಬಿರಿಯುವ ಹಾಗಾಗುತ್ತಿತ್ತು. ಹಲ್ಲು ಕಚ್ಚುತ್ತಿದ್ದೆ.

ಬಾಯಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಪ್ರತಿ ಸಲ ಬಾಯಿ ತೆರೆದಾಗಲೂ ಬಾಗಿಲಲ್ಲಿ ಯಾರೋ ಒಬ್ಬರು ಎಳನೀರು ಹಿಡಿದುಕೊಂಡು ನಿಂತಿರುತ್ತಿದ್ದರು. ಗರ್ಭಕೋಶಕ್ಕೆ ನಮ್ಮ ಜನ ಕೊಡುವ ಗೌರವ ನೋಡಬೇಕು! ಬಂದವರೆಲ್ಲ ತಮ್ಮ ತಮ್ಮ ಗರ್ಭಕೋಶದ ಕಥೆ ಹೇಳಿದರು. ನಂದು ಇಷ್ಟು ದಪ್ಪ ಇತ್ತು, ನಂದರಲ್ಲಿ ಗಡ್ಡೆ ಇತ್ತು, ನಮ್ಮತ್ತಿಗೇದು ತೆಗೆದು ತಟ್ಟೇಲಿ ಇಟ್ಟು ತೋರಿಸಿದ್ರು. ಯಜಮಾನರ ಅಕ್ಕ ರತ್ನಕ್ಕ ಟೇಕಲ್‌ನಿಂದ ಬಂದು ನನ್ನ ಕೈ ಹಿಡಿದುಕೊಂಡು ಗೋಳೋ ಎಂದು ಅತ್ತರು. "ಪಾಪ, ಈ ವಯಸ್ಸಿಗೇ" ಎಂದರು. ಮೂಗೊರೆಸಿಕೊಂಡು ಮೂರು ಮುದ್ದೆ ಉಂಡು ಹೋದರು. ಇಷ್ಟೆಲ್ಲ ಕಣ್ಣೀರು ಹಾಕಿಸಿಕೊಂಡ ಮೇಲೆ ಅಯ್ಯೋ, ಅದು ಬರೀ ಚರ್ಮ ಎಂದು ಹೇಗೆ ಹೇಳುವುದು? ಇತ್ತ ಯಜಮಾನರು ವೇಮಗಲ್ ಫ್ಯಾಕ್ಟರಿಯಿಂದ ಬಂದ ತಕ್ಷಣ ಮೊದಲು ಕೇಳುತ್ತಿದ್ದ ಪ್ರಶ್ನೆ, "ಏನೂ ಹೇಳಿಲ್ಲ ತಾನೆ?"

ಒಂದು ದಿನ ಚಳಿ ಹತ್ತಿತು. ಮೂರು ಹೊದಿಕೆ ಹೊದಿಸಿದರೂ ಹಲ್ಲು ಕಟಕಟ. ಪಕ್ಕದ ಬೀದಿಯ ಡಾಕ್ಟರ ಹತ್ತಿರ ಹೋದೆವು. ಅವರು ತಲೆಯೆತ್ತದೆ, "ಯಾವ ಆಪರೇಷನ್ನು?" ಎಂದರು. ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಯಜಮಾನರು, "ಯೂಟ್ರಸ್ ಸಾರ್" ಎಂದುಬಿಟ್ಟರು. ಡಾಕ್ಟರು ಹೊಟ್ಟೆಯ ಕಟ್ಟು ಬಿಚ್ಚಿಸಿ ನೋಡಲಿಲ್ಲ. ಉರಿಮೂತ್ರದ ಸೋಂಕು ಇರಬಹುದು ಎಂದು ಸೂಜಿ ಚುಚ್ಚಿ, ಮಾತ್ರೆ ಬರೆದರು. ಆಪರೇಷನ್ನೂ ಸುಳ್ಳು, ಕಾಯಿಲೆಯೂ ಸುಳ್ಳು, ಜ್ವರ ಒಂದೇ ನಿಜ.

ಮನೆಗೆ ಬಂದು ಕ್ಲಿನಿಕ್ಕಿಗೆ ಫೋನು ಮಾಡಿದೆ. ಆ ಹಲ್ಲುಬಿಡುವ ಹುಡುಗಿ, "ಫೋಟೋ ಕಳ್ಸಿ ಮೇಡಂ, ಡಾಕ್ಟರ್‌ಗೆ ತೋರಿಸ್ತೀನಿ. ಟೆನ್ಷನ್ ತಗೋಬೇಡಿ. ಹೀಲಿಂಗ್ ಅನ್ನೋದು ಒಂದು ಜರ್ನಿ" ಎಂದಳು. ಕಂಡಕ್ಟರಿಗೆ ಜರ್ನಿಯ ಬಗ್ಗೆ ಹೇಳಿಕೊಡುತ್ತಿದ್ದಾಳೆ, ಹಾಳಾದವಳು. ದುಡ್ಡು ಕಟ್ಟುವವರೆಗೆ ದಿನಕ್ಕೆ ನಾಲ್ಕು ಸಲ ತಾನೇ ಫೋನು ಮಾಡುತ್ತಿದ್ದವಳು ಅವಳು. ಫೋಟೋ ತೆಗೆಯಲು ಅತ್ತೆಯನ್ನು ಕರೆದು ಕಟ್ಟು ಬಿಚ್ಚಿಸಿದೆ.

ಆ ದಿನ ಸೀರೆಯ ಒಳಪದರ ಚರ್ಮಕ್ಕೆ ಅಂಟಿಕೊಂಡಿತ್ತು. ಅತ್ತೆ ನೀರು ಚಿಮುಕಿಸಿ ಮೆಲ್ಲಗೆ ಬಿಡಿಸಿದರು. ಮೊದಲು ವಾಸನೆ ಬಂತು, ಆಮೇಲೆ ಕಂಡಿತು. ಹಿಂದಿನ ದಿನಗಳಲ್ಲಿ ಕೆಂಪಗಿದ್ದದ್ದನ್ನು ನೋಡಿ, ಶಾಖ ಹಿಡಿದಿದೆ, ಒಳ್ಳೇದು ಎಂದಿದ್ದರು ಅತ್ತೆ. ಈಗ ಅಂಗೈ ಅಗಲದ ಜಾಗ ಕಪ್ಪಗೆ, ಹೆಂಚಿಗೆ ಹತ್ತಿದ ರೊಟ್ಟಿಯ ಹಾಗೆ ಆಗಿತ್ತು. ಅದರ ಅಂಚಿನಿಂದ ಕೀವು ಬರುತ್ತಿತ್ತು. ಇಷ್ಟಾದರೂ ಅಲ್ಲಿ ನೋವೇ ಇರಲಿಲ್ಲ. ನನಗೆ ಭಯವಾಗಿದ್ದು ಅದಕ್ಕೇ.

"ಏಂದೇ ಇದಿ? ಏಂದೇ ಇದಿ?" ಎಂದು ಅತ್ತೆ ಎರಡು ಸಲ ಕೇಳಿದರು. ಆಗಲೂ ನಿಜ ಹೇಳದೆ ಮೊಬೈಲು ಎತ್ತಿಕೊಂಡೆ. ಫೋಟೋ ಕಳಿಸಿದೆ. ಕ್ಲಿನಿಕ್ಕಿನಿಂದ ಎರಡು ಕೈ ಮುಗಿದಿರುವ ಒಂದು ಚಿತ್ರ ಬಂತು. ಅಷ್ಟೇ.

ಕೋಲಾರದಲ್ಲಿ ಒಬ್ಬ ಲೇಡಿ ಸರ್ಜನ್ ಇದ್ದಾರೆ ಎಂದು ನನ್ನ ಜೊತೆಯ ಡ್ರೈವರ್ ಹೇಳಿ, ತಾನೇ ಕಾರು ಮಾಡಿಸಿ ಕಳಿಸಿದ. ಡಿಪೋದಲ್ಲಿ ನಗುತ್ತಿದ್ದವರಲ್ಲಿ ಅವನೂ ಒಬ್ಬ, ಆದರೂ ಇದನ್ನು ಬರೆಯಲೇಬೇಕು. ಯಜಮಾನರು ಮುಂದಿನ ಸೀಟಿನಲ್ಲಿ, ಅತ್ತೆ ನನ್ನ ಪಕ್ಕ. ಆಸ್ಪತ್ರೆಯ ಬೆಂಚಿನಲ್ಲಿ ನಾನು ಮಂಡಿ ಮಡಚಿ ಒರಗಿಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಒಬ್ಬಾಕೆ ಕೇಳದೇ ತನ್ನ ಶಾಲನ್ನು ಮಡಿಸಿ ನನ್ನ ಬೆನ್ನಿಗೆ ಕೊಟ್ಟಳು. "ಯಾವೂರು? ಏನಾಗೈತೆ?" ಎಂದಳು. ಅತ್ತೆ, "ಗರ್ಭಕೋಶ ತೆಗ್ದವ್ರೆ, ನಂಜಾಗೈತೆ" ಎಂದರು. ಅಷ್ಟು ನಂಬಿಕೆಯಿಂದ ಹೇಳಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಒಳಗೆ ಮೇಜಿನ ಮೇಲೆ ಮಲಗಿಸಿದರು. ಸರ್ಜನ್ ಗಾಯ ನೋಡಿದರು, ಕೆಳಗಿನ ಪಟ್ಟಿ ತೆಗೆದು ನೋಡಿದರು, ಹೊಕ್ಕಳು ನೋಡಿದರು.

"ಏನ್ ಆಪರೇಷನ್ನು?"

"ಯೂಟ್ರಸ್ಸು ಮೇಡಂ" ಎಂದರು ಯಜಮಾನರು.

ಸರ್ಜನ್ ಯಜಮಾನರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಾ ನಿಂತರು. ಅತ್ತೆ ನನ್ನ ತಲೆಯ ಹತ್ತಿರ ನಿಂತಿದ್ದರು, ಅವರ ಕೈ ನನ್ನ ಹಣೆಯ ಮೇಲಿತ್ತು. ಈ ಕೈ ಈಗ ಎದ್ದುಹೋಗುತ್ತದೆ ಅಂದುಕೊಂಡೆ. ಸುಳ್ಳಿನ ಮೇಲೇ ಸರ್ಜನ್ ಔಷಧಿ ಕೊಟ್ಟರೆ ನಾನು ಉಳಿಯುವುದಿಲ್ಲ ಅಂತಲೂ ಅನ್ನಿಸಿತು.

"ಯೂಟ್ರಸ್ ಅಲ್ಲ ಮೇಡಂ" ಎಂದೆ. "ಹೊಟ್ಟೆ ಜೋತುಬಿದ್ದಿತ್ತು. ಚರ್ಮ ಕತ್ತರಿಸಿ ಎಳೆದು ಹೊಲಿಸಿಕೊಂಡಿದೀನಿ. ಚೆನ್ನಾಗಿ ಕಾಣ್ಲಿ ಅಂತ. ನಮ್ಮತ್ತೆಗೆ ಗೊತ್ತಿಲ್ಲ. ಬಾಣಂತಿ ಅಂತ ಉಪ್ಪಿನ ಶಾಖ ಕೊಟ್ರು, ನಂಗೆ ಸುಟ್ಟಿದ್ದು ಗೊತ್ತಾಗ್ಲಿಲ್ಲ."

"ಹೊಕ್ಕಳ ಸುತ್ತ ಹೊಲಿಗೆ ನೋಡ್ದಾಗ್ಲೇ ಗೊತ್ತಾಯ್ತು" ಎಂದರು ಸರ್ಜನ್. "ನೀವೇ ಹೇಳ್ಲಿ ಅಂತ ಕಾದೆ. ಶಾಖದ ವಿಷ್ಯ ನೀವ್ ಹೇಳ್ದೇ ಇದ್ದಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ." ಆಮೇಲೆ ಯಜಮಾನರ ಕಡೆ ತಿರುಗಿ, "ಇನ್ನ ಸ್ವಲ್ಪ ಬಿಟ್ಟಿದ್ರೆ ನಂಜು ರಕ್ತಕ್ಕೆ ಏರಿರೋದು. ಆವಾಗ ಯಾರಿಗ್ ಏನಂತ ಫೋನ್ ಮಾಡ್ತಿದ್ರಿ?" ಎಂದರು. ಯಜಮಾನರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ಹಣೆಯ ಮೇಲಿನ ಕೈ ಎದ್ದುಹೋಗಿತ್ತು.

ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ಒಳಗೆ ನಿಂತಿದ್ದ ನೀರನ್ನು ತೆಗೆದರು. ಹೊಟ್ಟೆಯಲ್ಲಿ ಒಂದು ಹಳ್ಳ ಉಳಿಯಿತು. ಅದು ತಳದಿಂದ ತಾನೇ ತುಂಬಿಕೊಂಡು ಬರಬೇಕು, ಹೊಲಿಯುವ ಹಾಗಿಲ್ಲ, ದಿನಾ ಬಟ್ಟೆ ತುಂಬಿ ತೆಗೆಯಬೇಕು ಎಂದರು. ಸಾಯಂಕಾಲ ವಾರ್ಡಿಗೆ ತಂದು ಮಲಗಿಸಿದ ಮೇಲೆ ಅತ್ತೆ ಬಂದರು. ಸ್ಟೂಲು ಎಳೆದು ಕೂತರು. ಬೈಯುತ್ತಾರೆ ಅಂದುಕೊಂಡೆ. ಶೋಕಿ, ನಾಚಿಕೆಗೆಟ್ಟವಳು, ಮಕ್ಕಳ ತಾಯಿಗೆ ಇದೆಲ್ಲ ಬೇಕಾ, ಎಲ್ಲದಕ್ಕೂ ಉತ್ತರ ಕಟ್ಟಿಕೊಂಡು ಕಾದಿದ್ದೆ.

"ನನ್ ಕೈಯಾಗೆ ನಿನ್ನ ಸುಡ್ಸಿದ್ರಲ್ಲೇ" ಎಂದರು. "ನೀನ್ ಸತ್ತಿದ್ರೆ ಯಾರು ಸಾಯ್ಸಿದಂಗೆ? ನಾನು. ನಂಗೆ ಗೊತ್ತೂ ಆಗ್ತಿರ್ಲಿಲ್ಲ. ಚೆನ್ನಾಗಿ ನೋಡ್ಕೊಂಡೆ ಅಂದ್ಕೊಂಡು ಇದ್ದುಬಿಡ್ತಿದ್ದೆ."

ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆ ಹೊಟ್ಟೆ ಇಟ್ಟುಕೊಂಡು ಅಳುವುದೂ ಒಂದು ಶಿಕ್ಷೆ. ಅವರು ಸಮಾಧಾನ ಮಾಡಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಮನೆಗೆ ಬರುವ ಮುಂಚೆ ನರ್ಸು ಬಟ್ಟೆ ತುಂಬುವುದನ್ನು ತೋರಿಸಿಕೊಟ್ಟರು. ಯಜಮಾನರು ಆ ಹಳ್ಳ ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು, ಅವರಿಗೇ ನೀರು ಕೊಡಬೇಕಾಯಿತು. ಫೋನಿನಲ್ಲಿ ಗರ್ಭಕೋಶ ತೆಗೆಯುವಾಗ ಇದ್ದ ಧೈರ್ಯ ಎಲ್ಲಿ ಹೋಯಿತೋ. ಅತ್ತೆ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು, "ನಂಗ್ ತೋರ್ಸಮ್ಮ" ಎಂದರು. ಆಮೇಲೆ ತಿಂಗಳುಗಟ್ಟಲೆ ಅವರೇ ಮಾಡಿದರು. ಮೊದಮೊದಲು ಮಾತಿಲ್ಲ. ಬಟ್ಟೆ ಒಳಗೆ ಹೋಗುವಾಗ ಅಂಚಿನಲ್ಲಿ ಜೀವ ಹೋಗುವ ನೋವು. ನೋವಾಗುತ್ತಿದೆ ಎಂದರೆ ಚರ್ಮಕ್ಕೆ ಜೀವ ಬರುತ್ತಿದೆ ಎಂದರ್ಥ ಅಂತ ಸರ್ಜನ್ ಹೇಳಿದ್ದರು. ನಾನು "ಅಮ್ಮಾ" ಎಂದು ಕಿರುಚಿದರೆ ಅತ್ತೆ, "ಕಿರ್ಚು, ಕಿರ್ಚು, ಒಳ್ಳೇದೇ" ಎನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಮತ್ತೆ ಮಾತು ಶುರುವಾದದ್ದು ಹಾಗೆ.

ಸುದ್ದಿ ತಾಲ್ಲೂಕುಗಳನ್ನು ಸುತ್ತುತ್ತಾ ಹೋಯಿತು. ಎಳನೀರು ನಿಂತಿತು. ಗರ್ಭಕೋಶಕ್ಕೆ ಅತ್ತವರು ಚರ್ಮಕ್ಕೆ ಫೋನೂ ಮಾಡಲಿಲ್ಲ. ಗಾಯ ಅದೇ, ನೋವು ಅದೇ, ಮಲಗಿದವಳೂ ಅವಳೇ. ಇವರ ಕರುಣೆಗೆ ಒಳಗಿನ ಅಂಗವೇ ಆಗಬೇಕು, ಹೊರಗಿನದಾದರೆ ಅದು ಶೋಕಿ. ಇದನ್ನು ಓದುತ್ತಿರುವ, ಮಂಚದ ಮೇಲೆ ಮಂಡಿ ಮಡಿಸಿಕೊಂಡಿರುವ ತಾಯಿ, ನಿಮಗೆ ಹೇಳುತ್ತೇನೆ. ಇಂಥವರ ಕಣ್ಣೀರಿಗಾಗಿ ಡಾಕ್ಟರಿಗೆ ಸುಳ್ಳು ಹೇಳಬೇಡಿ. ಎಳನೀರನ್ನು ಅಂಗಡಿಯಲ್ಲೂ ಮಾರುತ್ತಾರೆ.

ರತ್ನಕ್ಕ ಮಾತ್ರ ಬಂದರು, ನೋಡುವುದಕ್ಕಲ್ಲ, ಹೇಳುವುದಕ್ಕೆ. ಹಜಾರದಲ್ಲಿ ಕೂತು ನನಗೆ ಕೇಳಿಸುವ ಹಾಗೆ, "ಅಲ್ಲಮ್ಮಾ, ಅಂದಕ್ಕೋಸ್ಕರ ಹೊಟ್ಟೆ ಕುಯ್ಸಿಕೊಂಡ್ಳಂತಲ್ಲ! ಯಾವ್ ಸಿನಿಮಾದಲ್ಲಿ ಕುಣೀಬೇಕಂತೆ ಇವ್ಳು? ದೇವ್ರೇ ಸರಿಯಾಗಿ ಮಾಡ್ದ" ಎಂದರು.

ಅತ್ತೆ ಅಡುಗೆಮನೆಯಿಂದ ಬಂದರು. "ಹೂಂ, ಅಂದಕ್ಕೋಸ್ಕರಾನೇ. ನೀನು ಮುಖಕ್ಕೆ ಬಳ್ಕೊಳ್ಳೋದು ಯಾತಕ್ಕೆ, ಜ್ವರಕ್ಕಾ?" ಎಂದರು. "ದೇವ್ರು ಮಾಡ್ಲಿಲ್ಲ ಇದನ್ನ. ನಾನು ಮಾಡ್ದೆ, ನಿನ್ ತಮ್ಮ ಮಾಡ್ದ. ಊಟಕ್ ಇರ್ತೀಯಾ, ಹೊರಡ್ತೀಯಾ?"

ರತ್ನಕ್ಕ ಹೊರಟರು. ಆ ದಿನ ಮುದ್ದೆ ಮಿಕ್ಕಿತು.

ಹಳ್ಳ ತುಂಬಿಕೊಂಡಿತು. ಈಗ ಅಲ್ಲಿ ಸುಕ್ಕುಸುಕ್ಕಾದ ಹೊಳೆಯುವ ಕಲೆ ಇದೆ, ಕ್ಲಿನಿಕ್ಕಿನ ಗೋಡೆಯ ಮೇಲೆ ಹಾಕಿದ್ದ ಫೋಟೋಗಳ ಯಾವ ಹೊಟ್ಟೆಯಂತೆಯೂ ಇಲ್ಲ. ಮಳೆಗಾಲದಲ್ಲಿ ಜುಮುಗುಟ್ಟುತ್ತದೆ. ಸೀನಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಆದರೆ ಬೆವರು ನಿಲ್ಲಲು ಮಡಿಕೆ ಇಲ್ಲ, ಹುಣ್ಣು ಇಲ್ಲ. ನೆಟ್ಟಗೆ ನಿಲ್ಲುತ್ತೇನೆ.

ಡ್ಯೂಟಿಗೆ ಹೋಗುವ ಹಿಂದಿನ ದಿನ ಕೊನೆಯ ಸಲ ಎಂಬಂತೆ ಅತ್ತೆ ಕಲೆಗೆ ಕೊಬ್ಬರಿಎಣ್ಣೆ ಹಚ್ಚುತ್ತಿದ್ದರು, ಬಿಸಿ ಮಾಡದ ಎಣ್ಣೆ. ಹಚ್ಚುತ್ತಾ ಹಚ್ಚುತ್ತಾ ಕೇಳಿದರು, "ಇಷ್ಟೆಲ್ಲ ಆಯ್ತಲ್ಲ. ಮೊದ್ಲಿಂದ ಮತ್ತೆ ಶುರು ಅಂದ್ರೆ, ಮಾಡಿಸ್ಕೊಂತೀಯೇನೇ?"

ಸುಳ್ಳು ಹೇಳಿ ಸಾಕಾಗಿತ್ತು. "ಮಾಡಿಸ್ಕೊಳ್ತೀನಿ ಅತ್ತೆ" ಎಂದೆ. "ಆದ್ರೆ ನಿಮಗೆ ಹೇಳಿ ಮಾಡಿಸ್ಕೊಳ್ತೀನಿ."

ಅವರು ಬೆರಳು ನಿಲ್ಲಿಸಲಿಲ್ಲ.

"ಹೇಳು" ಎಂದರು. "ನಾನು ಬ್ಯಾಡ ಅಂತೀನಿ. ಆದ್ರೂ ಹೇಳು."